ತಾತನ ಕುದುರೆ ಪಟ: ಇದು ನಿಜಕ್ಕೂ ದುಃಖದ ಚಿತ್ರವಾ?

ದಾರದುಂಡೆ_ಮಂಡ್ಯ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಚಿತ್ರಕಲೆ ಓದಿದವಳಲ್ಲ. ಮಂಡ್ಯದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷ ಆಯಿತು. ಬಣ್ಣ ಅಂದರೆ ನನಗೆ ದಾರದ ಉಂಡೆ, ಲೈನಿಂಗ್ ಬಟ್ಟೆ, ಅಷ್ಟೇ. ಈಗ ಒಂದು ಪಟದ ವಿಷಯಕ್ಕೆ ಮನೆಯಲ್ಲಿ ದೊಡ್ಡ ರಾಮಾಯಣ ಆಗಿದೆ. ತಿಳಿದವರು ಹೇಳಿ.

ನನ್ನ ಅಮ್ಮನ ಅಪ್ಪ ಮೈಸೂರಿನಲ್ಲಿ ಟಾಂಗಾ ಓಡಿಸುತ್ತಿದ್ದರು. ಲಷ್ಕರ್ ಮೊಹಲ್ಲಾದಲ್ಲಿ ಮನೆ, ರೈಲ್ವೆ ಸ್ಟೇಷನ್ ಹತ್ತಿರ ಸ್ಟ್ಯಾಂಡು. ಅವರ ಕುದುರೆ ಹೆಸರು ಚಾಂದನಿ. ನಾಟಕ ಕಂಪನಿಗಳಿಗೆ ಪರದೆ ಬರೆಯುವ ಪೇಂಟರ್ ಒಬ್ಬರು ತಾತನ ಗಾಡಿಯಲ್ಲೇ ಓಡಾಡುತ್ತಿದ್ದರಂತೆ. ಬಾಡಿಗೆ ಬಾಕಿ ಬೆಳೆದು ಬೆಳೆದು, ಕೊನೆಗೆ ದುಡ್ಡಿನ ಬದಲು ಕುದುರೆಯ ಚಿತ್ರ ಬರೆದು ಕೊಟ್ಟರು. ಎಣ್ಣೆ ಬಣ್ಣ, ಕ್ಯಾನ್ವಾಸು. ಹೆಚ್ಚು ಕಡಿಮೆ ಎರಡೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಬಲಗಡೆ ಕೆಳಗೆ ಗೀಚಿದ ಹಾಗೆ ಸಹಿ, ಪಕ್ಕದಲ್ಲಿ 58 ಅಂತ ಇದೆ. ಅಜ್ಜಿ ಸಾಯುವವರೆಗೂ "ಅದೇನು ಪಟ, ಹನ್ನೊಂದು ತಿಂಗಳ ಬಾಡಿಗೆ ಗೋಡೆ ಮೇಲೆ ನೇತಾಡ್ತಿದೆ" ಅನ್ನುತ್ತಿದ್ದರು.

ಫೋಟೋ ಹಾಕಿದ್ದೇನೆ, ಆದರೆ ಟ್ಯೂಬ್‌ಲೈಟಿನಲ್ಲಿ ತೆಗೆದದ್ದು, ಸರಿಯಾಗಿ ಬಂದಿಲ್ಲ. ಅದಕ್ಕೇ ಬರೆದು ಹೇಳುತ್ತೇನೆ. ಕುದುರೆ ಪಕ್ಕಕ್ಕೆ ನಿಂತಿದೆ. ಮುಖ ಎಡಕ್ಕೆ, ಸ್ವಲ್ಪ ನಮ್ಮ ಕಡೆ ತಿರುಗಿದ ಹಾಗೆ. ಜೀನು ಇಲ್ಲ, ಗಾಡಿ ಇಲ್ಲ, ಕಣ್ಣುಪಟ್ಟಿ ಇಲ್ಲ. ಮುಖಕ್ಕೆ ಕಟ್ಟಿದ ಹಗ್ಗ ಒಂದು ಕೆಳಗೆ ಜೋತು ಬಿದ್ದಿದೆ, ಅದನ್ನು ಯಾರೂ ಹಿಡಿದಿಲ್ಲ. ತಲೆ ತಗ್ಗಿದೆ. ಕಣ್ಣು ಅರ್ಧ ಮುಚ್ಚಿದೆ. ಕೆಳತುಟಿ ಜೋಲುಬಿದ್ದಿದೆ. ಒಂದು ಹಿಂಗಾಲು ಪೂರ್ತಿ ಊರಿಲ್ಲ, ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿದೆ. ಒಂದು ಕಿವಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಮೈ ಬಣ್ಣ ಕಪ್ಪಿಗೆ ಹತ್ತಿರದ ಬೂದು. ಬಿಸಿಲಿಗೆ ಹಿಡಿದರೆ ಹೊಟ್ಟೆಯ ಕೆಳಗೆ ನೀಲಿ ಇದೆಯೇನೋ ಅನ್ನಿಸುತ್ತೆ. ಬೆನ್ನ ಮೇಲೆ ಅಂಗೈ ಅಗಲ ಬಿಳಿ. ಹಿಂದೆ ಏನೂ ಇಲ್ಲ. ಮರ, ಮನೆ, ಚಾಮುಂಡಿ ಬೆಟ್ಟ, ಏನೂ ಇಲ್ಲ. ಬರೀ ಕಂದು ಕತ್ತಲು. ಕಾಲ ಕೆಳಗೆ ಸಣ್ಣ ನೆರಳು.

ರಗಳೆ ಶುರುವಾಗಿದ್ದು ತಮ್ಮ ಮೈಸೂರಿನಲ್ಲಿ ಹೊಸ ಮನೆ ಕಟ್ಟಿಸಿದ ಮೇಲೆ. ಹಾಲ್‌ನಲ್ಲಿ ಹಾಕೋಣ ಅಂತ ಅವನ ಆಸೆ. ಅವನ ಹೆಂಡತಿ ಬೇಡ ಅಂತಾಳೆ. ಚೌಕಟ್ಟು ರಿಪೇರಿಗೆ ಕೊಟ್ಟ ಅಂಗಡಿಯವನು ಬೇರೆ ಬೆಂಕಿಗೆ ತುಪ್ಪ ಸುರಿದ. ಒಂಟಿ ಕುದುರೆ, ಕಪ್ಪು ಕುದುರೆ, ತಲೆ ತಗ್ಗಿಸಿದ ಕುದುರೆ, ಮೇಲಾಗಿ ಎಡಕ್ಕೆ ನೋಡ್ತಿದೆ, ನಿಮ್ಮ ಬಾಗಿಲೂ ಎಡಕ್ಕೆ, ಲಕ್ಷ್ಮಿ ಹೊರಟೇಹೋಗ್ತಾಳೆ ಅಂದನಂತೆ. ಅದರ ಬದಲು ಏಳು ಬಿಳಿ ಕುದುರೆ ಓಡುವ ಪಟ ಹಾಕಿ, ನನ್ನ ಹತ್ತಿರವೇ ಇದೆ ಅಂತ ರೇಟೂ ಹೇಳಿದ!

ಇನ್ನು ಅಮ್ಮನ ತಕರಾರು ಬೇರೆಯೇ. ಅಮ್ಮ 1955ರಲ್ಲಿ ಹುಟ್ಟಿದ್ದು. ಅದೇ ಗಾಡಿಯಲ್ಲಿ ಸ್ಕೂಲಿಗೆ ಹೋದವಳು. ಅವಳ ಪ್ರಕಾರ ಚಾಂದನಿ ಹಾಲಿನಂಥ ಬಿಳಿ, ದಸರಾ ಟೈಮಲ್ಲಿ ಜನ ನಿಂತು ನೋಡುವಂಥ ಬಿಳಿ. "ಪೇಂಟರ್ ಯಾವುದೋ ಕುದುರೆ ಬರೆದು ನಮ್ಮಪ್ಪನಿಗೆ ಟೋಪಿ ಹಾಕಿದಾನೆ" ಅಂತಾಳೆ. ಹೆಸರೇ ಬೆಳದಿಂಗಳು ಅಲ್ವಾ, ಕಪ್ಪಗೆ ಯಾಕೆ ಬರೀತಾರೆ?

ನಿಜ ಹೇಳಬೇಕು ಅಂದರೆ ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಹೋದಾಗ ಆ ಪಟದ ಕೆಳಗೆ ಮಲಗೋಕೆ ನನಗೂ ಆಗುತ್ತಿರಲಿಲ್ಲ. ಏನೋ ಸಂಕಟ. ಯಾರೋ ಬಿಟ್ಟುಹೋದ ಕುದುರೆ ಅನ್ನಿಸುತ್ತಿತ್ತು. ಈ ಚಿತ್ರ ಏನು ಹೇಳುತ್ತೆ? ಪೇಂಟರ್ ಬೇಕು ಅಂತಲೇ ದುಃಖ ಬರೆದರಾ?

ಬಣ್ಣದಡಬ್ಬಿ

ಮೇಡಂ, ನಾನು ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಪೇಂಟಿಂಗ್ ಓದಿದವನು. ಫೋಟೋ ಮಬ್ಬಾಗಿದ್ದರೂ ನಿಮ್ಮ ಪಟ ನೋಡಿ ಎದ್ದು ಕೂತೆ. ಅಂಗಡಿಯವನ ಮಾತು ಪಕ್ಕಕ್ಕಿಡಿ.

ಮೊದಲು ಹಿನ್ನೆಲೆ. ಖಾಲಿ ಹಿನ್ನೆಲೆಯ ಕುದುರೆ ಅಂದ ತಕ್ಷಣ ನಮಗೆ ನೆನಪಾಗೋದು ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್. 1762ರ ಸುಮಾರಿಗೆ ವಿಸಲ್‌ಜಾಕೆಟ್ ಅನ್ನೋ ರೇಸ್ ಕುದುರೆಯ ಚಿತ್ರ ಬರೆದ. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಹತ್ತಿರ ಹತ್ತಿರ ಮೂರು ಮೀಟರ್ ಎತ್ತರ, ಅಂದರೆ ನಿಜವಾದ ಕುದುರೆಯಷ್ಟೇ ದೊಡ್ಡದು. ಅಲ್ಲೂ ಆಕಾಶ ಇಲ್ಲ, ಮರ ಇಲ್ಲ, ಸವಾರ ಇಲ್ಲ. ಹಿಂಗಾಲಿನ ಬುಡದಲ್ಲಿ ಪುಟ್ಟ ನೆರಳು, ಅಷ್ಟೇ. ಅಲ್ಲಿಯವರೆಗೆ ಇಷ್ಟು ದೊಡ್ಡ ಚಿತ್ರಗಳಲ್ಲಿ ಕುದುರೆ ಅಂದರೆ ಹೆಚ್ಚಾಗಿ ರಾಜನ ಕೆಳಗಿರೋ ಪೀಠ. ಸ್ಟಬ್ಸ್ ಅದನ್ನು ಒಬ್ಬ ವ್ಯಕ್ತಿ ಥರ ನಿಲ್ಲಿಸಿದ. ಸುಮ್ನೆ ಬಂದ ವಿದ್ಯೆ ಅಲ್ಲ ಅದು. ಸತ್ತ ಕುದುರೆಗಳನ್ನು ತಿಂಗಳುಗಟ್ಟಲೆ ಕೊಯ್ದು, ಒಂದೊಂದು ಪದರ ಬಿಡಿಸಿ, ಮೂಳೆ ಮಾಂಸಖಂಡ ಬರೆದುಕೊಂಡವನು ಅವನು.

ಇನ್ನೊಂದು ಮಾತು. ನಿಮ್ಮ ಪೇಂಟರ್ ನಾಟಕದ ಪರದೆ ಬರೆಯೋರು ಅಂದಿರಿ. ಪರದೆ ಬರೆಯೋರಿಗೆ ಅರಮನೆ, ತೋಟ, ಕಾಡು, ಬೀದಿ ಎಲ್ಲ ಎಡಗೈ ಕೆಲಸ. ಅಂಥವರು ಹಿಂದೆ ಏನೂ ಬರೆಯದೆ ಬಿಟ್ಟಿದ್ದಾರೆ ಅಂದರೆ ಅದು ಸೋಮಾರಿತನ ಆಗಿರೋಕೆ ಸಾಧ್ಯವಿಲ್ಲ.

ನೀಲಿ ಬಗ್ಗೆ. ಜರ್ಮನಿಯ ಫ್ರಾನ್ಸ್ ಮಾರ್ಕ್ 1911ರಲ್ಲಿ ನೀಲಿ ಕುದುರೆಗಳನ್ನು ಬರೆದ. ಅವನ ಲೆಕ್ಕದಲ್ಲಿ ನೀಲಿ ಗಂಡು ಬಣ್ಣ, ಅಧ್ಯಾತ್ಮದ ಬಣ್ಣ. ಹಳದಿ ಹೆಣ್ಣು, ಮೃದು, ಖುಷಿ. ಕೆಂಪು ಭಾರದ್ದು, ಒರಟು. ಗೆಳೆಯನಿಗೆ ಬರೆದ ಕಾಗದದಲ್ಲಿ ಇದನ್ನೆಲ್ಲ ಹೇಳಿದ್ದಾನೆ. ಮೊದಲನೇ ಮಹಾಯುದ್ಧದಲ್ಲಿ, 1916ರಲ್ಲಿ, ವರ್ಡನ್ ಹತ್ತಿರ ಸತ್ತ. ನಿಮ್ಮ ಕುದುರೆಯ ಹೊಟ್ಟೆಯಲ್ಲಿ ನೀಲಿ ಇದ್ದರೆ ಅದು ಒಳಗಿನ ನೋವಿನ ಸಂಕೇತ ಇರಬಹುದು. ನಿಮ್ಮ ಪಟದ ಕಾಲದ್ದೇ ಆದ ನಮ್ಮ ಎಂ.ಎಫ್. ಹುಸೇನರ ಕುದುರೆ ನೋಡಿ. ಕುತ್ತಿಗೆ ಸೆಟೆದು, ಬಾಯಿ ತೆರೆದು, ಕಟ್ಟು ಹರಿದುಕೊಂಡು ಬಂದ ಹಾಗೆ ಇರುತ್ತೆ. ಅವರೂ ಸಿನಿಮಾ ಬೋರ್ಡ್ ಬರೆದು ಬದುಕಿದವರೇ. ನಿಮ್ಮ ಪೇಂಟರ್ ಆ ಆರ್ಭಟ ಬೇಡ ಅಂದಿದ್ದಾರೆ. ತಗ್ಗಿದ ತಲೆ, ಯಾರೂ ಹಿಡಿಯದ ಹಗ್ಗ, ಸುತ್ತ ಕತ್ತಲು. ಆ ಕತ್ತಲಲ್ಲಿ ಬೆನ್ನ ಮೇಲೆ ಮಾತ್ರ ಬೆಳಕು ಬಿದ್ದಿದೆ. ಅದೇ ಈ ಚಿತ್ರದ ಭರವಸೆ ಅಂತ ನಾನು ಓದುತ್ತೇನೆ. ದುಃಖದ ಚಿತ್ರ ಹೌದು, ಆದರೆ ದೊಡ್ಡ ದುಃಖ.

ಶುಭಲಾಭ_99

ಅಂಗಡಿಯವರು ಹೇಳಿದ್ದು ಸರಿ ಇದೆ. ಸೂರ್ಯನ ರಥಕ್ಕೆ ಏಳು ಕುದುರೆ, ಅದಕ್ಕೇ ಏಳು ಕುದುರೆ ಪಟ ಶುಭ. ಒಂಟಿ ಕುದುರೆ ಹಾಲ್‌ಗೆ ಬೇಡ. ಬೇಕಾದರೆ ಸ್ಟೋರ್ ರೂಮಿನಲ್ಲಿ ಇಡಿ.

ದಾರದುಂಡೆ_ಮಂಡ್ಯ

ಸಾರ್, ಆ ಒಂಟಿ ಕುದುರೆ ಮೂರು ಹೆಣ್ಣುಮಕ್ಕಳ ಮದುವೆ ಮಾಡಿದೆ. ಅದನ್ನು ಸ್ಟೋರ್ ರೂಮಿಗೆ ಹಾಕು ಅಂತ ಅಮ್ಮನ ಎದುರು ಹೇಳಿ ನೋಡೋಣ.

ಗಂಡಭೇರುಂಡ_ಫ್ಯಾನ್

ಕಾಲು ಎತ್ತಿದೆ ಅಂದ್ರೆ ಸವಾರ ಯುದ್ಧದಲ್ಲಿ ಗಾಯಗೊಂಡು ಆಮೇಲೆ ಸತ್ತ ಅಂತ ಅರ್ಥ. ಎರಡು ಕಾಲು ಎತ್ತಿದ್ರೆ ರಣರಂಗದಲ್ಲೇ ಸತ್ತ. ತಾತ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಇದ್ರಾ? 1918ರಲ್ಲಿ ಹೈಫಾ ಊರು ಗೆದ್ದ ಮೈಸೂರಿನ ಕುದುರೆ ದಂಡು ಅದು. ಲಷ್ಕರ್ ಮೊಹಲ್ಲಾ ಅಂದ್ರಲ್ಲ, ಅದಕ್ಕೆ ಕೇಳಿದೆ.

ಹಳೇಲಾಯ

ಮೊದಲು ಇವರಿಗೆ ಒಂದು ಮಾತು. ಕಾಲಿನ ಆ ಕಥೆ ಪ್ರತಿಮೆಗಳ ಬಗ್ಗೆ ಜನ ಹೇಳೋದು, ಅದೂ ಮುಂಗಾಲಿಗೆ. ಅಲ್ಲೂ ಅಂಥ ಕಾನೂನು ಏನಿಲ್ಲ, ಶಿಲ್ಪಿಗಳು ತಮಗೆ ಬೇಕಾದ ಹಾಗೆ ಮಾಡಿದ್ದಾರೆ. ಇಲ್ಲಿ ಇರೋದು ಹಿಂಗಾಲು. ಅದರ ಕಥೆ ಬೇರೆ.

ಅಕ್ಕ, ನಮ್ಮಪ್ಪನೂ ಮೈಸೂರಲ್ಲಿ ಟಾಂಗಾ ಓಡಿಸಿದವರು. ನಾನು ಹುಟ್ಟಿದ್ದೇ ಲಾಯದ ಪಕ್ಕದ ಕೋಣೆಯಲ್ಲಿ. ಈಗ ಆಟೋ ಓಡಿಸುತ್ತೇನೆ. ಚಿತ್ರದ ವಿಷಯ ನನಗೂ ಗೊತ್ತಿಲ್ಲ, ಕುದುರೆ ವಿಷಯ ಸ್ವಲ್ಪ ಗೊತ್ತು. ಡಬ್ಬಿ ಸಾರ್ ಬೇಜಾರು ಮಾಡಿಕೊಳ್ಳಬೇಡಿ. ನೀವು ಬರೆದದ್ದು ಓದಿ ಖುಷಿಯಾಯಿತು, ಆದರೆ ಈ ಕುದುರೆಗೆ ದುಃಖ ಏನೂ ಇಲ್ಲ. ಇದು ತೂಕಡಿಸ್ತಿದೆ.

ಕುದುರೆ ನಿಂತೇ ನಿದ್ದೆ ಮಾಡುತ್ತೆ. ಅದರ ಕಾಲಿನ ಕೀಲು ತಾನಾಗಿ ಬಿಗಿದುಕೊಳ್ಳುವ ಹಾಗಿದೆ, ಬೀಳಲ್ಲ. ಒಂದು ಹಿಂಗಾಲಿನ ಮೇಲೆ ಭಾರ ಹಾಕಿ ಇನ್ನೊಂದಕ್ಕೆ ರೆಸ್ಟ್ ಕೊಡುತ್ತೆ, ಆಮೇಲೆ ಕಾಲು ಬದಲಾಯಿಸುತ್ತೆ. ನಾವು ಬಸ್ ಸ್ಟ್ಯಾಂಡಲ್ಲಿ ನಿಂತ ಹಾಗೆ. ಕೆಳತುಟಿ ಜೋಲುಬಿದ್ದಿದೆ ಅಂದ್ರಲ್ಲ, ಹೊಟ್ಟೆ ತುಂಬಿ ಮನಸ್ಸು ಹಗುರ ಇದ್ದಾಗ ತುಟಿ ಹಾಗೆ ಬಿಡುತ್ತೆ. ಹುರುಳಿ ತಿಂದು ನೀರು ಕುಡಿದು ಬೆಳಗಿನ ಬಿಸಿಲಿಗೆ ನಿಂತಾಗ ನಮ್ಮ ಕುದುರೆ ಥೇಟ್ ಹೀಗೇ ಇರ್ತಿತ್ತು. ನೋವಿದ್ದರೆ ಕಣ್ಣಿನ ಮೇಲೆ ಸುಕ್ಕು ಬರುತ್ತೆ, ಮೂಗಿನ ಹೊಳ್ಳೆ ಬಿಗಿಯಾಗುತ್ತೆ, ತುಟಿ ಕಚ್ಚಿ ಹಿಡಿಯುತ್ತೆ. ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಹೊಳ್ಳೆ ಸಡಿಲ ಇದೆ. ಪೇಂಟರ್ ತುಂಬಾ ಹೊತ್ತು ಕೂತು ನೋಡಿದ್ದಾರೆ.

ಈಗ ಬೆನ್ನಿನ ಬಿಳಿ. ಸಾರ್, ಅದು ಬೆಳಕೂ ಅಲ್ಲ, ಭರವಸೆಯೂ ಅಲ್ಲ. ಜೀನು ಉಜ್ಜಿದ ಜಾಗ. ಟಾಂಗಾ ಕುದುರೆಗೆ ಬೆನ್ನ ಮೇಲೆ ಗದ್ದಿಗೆ ಕಟ್ಟಿ ಅದರ ಮೇಲೆ ಗಾಡಿಯ ಭಾರ ಬಿಡೋದು. ಉಜ್ಜಿ ಉಜ್ಜಿ ಗಾಯ ಆದರೆ, ವಾಸಿಯಾದ ಮೇಲೆ ಅಲ್ಲಿ ಬಿಳಿ ಕೂದಲು ಬರುತ್ತೆ. ಜನ್ಮಪೂರ್ತಿ ಹೋಗಲ್ಲ. ಪಟ ಬರೆಸಿಕೊಂಡವರು ಟಾಂಗಾದವರೇ, ಅದನ್ನು ಮುಚ್ಚಿ ಬರಿ ಅಂದಿದ್ದರೆ ಪೇಂಟರ್ ಮುಚ್ಚಿಬಿಡ್ತಿದ್ದರು. ಅಂದಿಲ್ಲ.

ಅಮ್ಮನ ತಕರಾರು ಅಂದ್ರಲ್ಲ, ಅಲ್ಲಿ ನಾನು ಜೋರಾಗಿ ನಕ್ಕುಬಿಟ್ಟೆ. ಅಕ್ಕ, ಬಿಳಿ ಕುದುರೆ ಹುಟ್ಟುವಾಗಲೇ ಬಿಳಿ ಇರೋದು ಬಹಳ ಅಪರೂಪ. ನಾವು ಬಿಳಿ ಅನ್ನೋದರಲ್ಲಿ ಮುಕ್ಕಾಲುಪಾಲು ಬೂದು ಕುದುರೆಗಳು. ಮರಿ ಇದ್ದಾಗ ಕಪ್ಪೋ ಕಂದೋ ಇರುತ್ತೆ. ವರ್ಷ ವರ್ಷ ನರೆಯುತ್ತಾ ಬರುತ್ತೆ. ನಾಲ್ಕೈದು ವರ್ಷಕ್ಕೆ ಕಬ್ಬಿಣದ ಬಣ್ಣ, ಆಮೇಲೆ ಮೈಮೇಲೆ ನಾಣ್ಯ ಚೆಲ್ಲಿದ ಹಾಗೆ ಚುಕ್ಕಿ, ಹತ್ತು ಹನ್ನೆರಡು ದಾಟಿದರೆ ಪೂರ್ತಿ ಬಿಳಿ. ಪಟ 58ರದ್ದು. ಆಗ ನಿಮ್ಮಮ್ಮನಿಗೆ ಮೂರು ವರ್ಷ. ಅವರಿಗೆ ನೆನಪಿರೋ ಕುದುರೆ 65, 66ರದ್ದು ಇರಬೇಕು. ಮಧ್ಯದಲ್ಲಿ ಚಾಂದನಿ ಬೆಳ್ಳಗಾಗಿದ್ದಾಳೆ. ಮರಿಯಲ್ಲೇ ಕಣ್ಣಿನ ಸುತ್ತ ಬೂದು ಕೂದಲು ಕಂಡರೆ ಕುದುರೆಯವರಿಗೆ ಗೊತ್ತಾಗಿಬಿಡುತ್ತೆ, ಇದು ಮುಂದೆ ಬೆಳ್ಳಗಾಗುತ್ತೆ ಅಂತ. ಹೆಸರು ಮುಂಚೆಯೇ ಇಟ್ಟಿದ್ದಾರೆ.

ನಂಬಿಕೆ ಬರದಿದ್ದರೆ ಸುಳಿ ನೋಡಿ. ಬಣ್ಣ ಬದಲಾದರೂ ಸುಳಿ ಬದಲಾಗಲ್ಲ. ರೇಸ್ ಕುದುರೆಗಳ ಪಾಸ್‌ಪೋರ್ಟಲ್ಲೂ ಸುಳಿ ಎಲ್ಲಿದೆ ಅಂತ ಬರೆದಿರುತ್ತೆ. ಮಂಡ್ಯದವರಿಗೆ ಸುಳಿ ಅಂದರೆ ಹೇಳಬೇಕಾಗಿಲ್ಲ, ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತಿನ ಜೋಡಿ ಕೊಳ್ಳೋರು ಮೊದಲು ನೋಡೋದೇ ಅದನ್ನ. ಹಣೆ ಮೇಲೆ ಏನಿದೆ ಅಂತ ಹೇಳಿ.

ಕೊನೆಗೆ ಆ ಕಿವಿ. ಇಷ್ಟು ಬರೆದದ್ದೇ ಅದಕ್ಕೋಸ್ಕರ. ನಿದ್ದೆ ಹೋಗೋ ಕುದುರೆಯ ಎರಡು ಕಿವಿಯೂ ಪಕ್ಕಕ್ಕೆ ಜೋತಿರುತ್ತೆ. ಸಿಟ್ಟು ಬಂದರೆ ಎರಡೂ ಹಿಂದಕ್ಕೆ ತಲೆಗೆ ಅಂಟಿಕೊಳ್ಳುತ್ತೆ. ನಿಮ್ಮ ಪಟದಲ್ಲಿ ಒಂದು ಕಿವಿ ಮಾತ್ರ ಹಿಂದಕ್ಕೆ ತಿರುಗಿದೆ. ಅಂಟಿಕೊಂಡಿಲ್ಲ, ಎದ್ದೇ ಇದೆ, ತಿರುಗಿದೆ ಅಷ್ಟೇ. ಅಂದರೆ ಹಿಂದೆ ಯಾರೋ ಇದ್ದಾರೆ. ಗೊತ್ತಿರೋರು. ಟಾಂಗಾ ಕುದುರೆಗೆ ಯಜಮಾನ ಯಾವಾಗಲೂ ಹಿಂದೆಯೇ ಅಲ್ವಾ? ಕಣ್ಣುಪಟ್ಟಿ ಕಟ್ಟಿರೋದರಿಂದ ಅವನ ಮುಖ ಅದಕ್ಕೆ ಕಾಣಲ್ಲ. ನಾಲಿಗೆ ಲೊಟ್ಟೆ ಹೊಡೆಯೋದು, ಕೆಮ್ಮೋದು, ಬೈಯೋದು ಎಲ್ಲ ಕಿವಿಯಲ್ಲೇ. ಒಂದು ಕಿವಿ ಸದಾ ಅವನ ಕಡೆ. ಗಾಡಿ ಬಿಚ್ಚಿದ ಮೇಲೂ ಆ ಅಭ್ಯಾಸ ಹೋಗಲ್ಲ. ಪಟದಲ್ಲಿ ನಿಮ್ಮ ತಾತ ಕಾಣಲ್ಲ. ನನಗೆ ಇದ್ದಾರೆ ಅನ್ನಿಸ್ತು.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ದರಿಯಾ ದೌಲತ್ ಅರಮನೆ ಗೋಡೆ ಮೇಲೆ ಅಷ್ಟೊಂದು ಕುದುರೆ ಇವೆ. ಪೊಳ್ಳಿಲೂರು ಯುದ್ಧದ್ದು. ಸಾಲಾಗಿ ಕಾಲೇ ಕಾಲು. ಒಂದಾದರೂ ಆಕಳಿಸಿದ್ದು ನಾನು ನೋಡಿಲ್ಲ.

ಬಣ್ಣದಡಬ್ಬಿ

ಭರವಸೆ ಅಂತ ಬರೆದೆನಲ್ಲ. ಗಾಯ ಅಂತ ಗೊತ್ತಿರಲಿಲ್ಲ. ಮುಖ ಎಲ್ಲಿ ಇಟ್ಟುಕೊಳ್ಳಲಿ.

ಅರಳೆ_ಉಂಡೆ

ಹಳೆ ಪಟ, ತಾಳೆಗರಿ ಇಂಥವನ್ನು ಸರಿಪಡಿಸುವ ಕೆಲಸ ನನ್ನದು. ನೀವೆಲ್ಲ ಕತ್ತಲಿನ ಅರ್ಥ ಹುಡುಕುತ್ತಿದ್ದೀರಿ. ಆ ಕತ್ತಲು ಪೇಂಟರ್ ಬರೆದದ್ದು ಹೌದಾ ಅಂತ ಯಾರೂ ಕೇಳಲೇ ಇಲ್ಲ.

ಮೇಡಂ, ಆ ಪಟ ಎಲ್ಲಿ ತೂಗುಹಾಕಿತ್ತು? ಸೌದೆ ಒಲೆ ಇದ್ದ ಮನೆಯಾ? ಊದುಬತ್ತಿ, ಬೀಡಿ, ಚಿಮಣಿ ದೀಪ? ಅರವತ್ತು ಎಪ್ಪತ್ತು ವರ್ಷ ಹೊಗೆ ಕುಡಿದರೆ ಯಾವ ಬಣ್ಣವಾದರೂ ಕಂದಾಗುತ್ತೆ. ಮೇಲೆ ವಾರ್ನಿಶ್ ಹೊಡೆದಿದ್ದರೆ ಅದೂ ಕಾಲಕ್ರಮೇಣ ಹಳದಿಯಾಗುತ್ತೆ. ಬಿಳಿ ಹಳದಿಯಾಗಿ, ನೀಲಿ ಹಸಿರಿನ ಕಡೆ ವಾಲಿ, ತಿಳಿ ಬಣ್ಣವೆಲ್ಲ ಕಷಾಯದ ಬಣ್ಣಕ್ಕೆ ಬರುತ್ತೆ. ಹಳೆ ಪಟಗಳಲ್ಲಿ ನಾವು ಗಾಂಭೀರ್ಯ ಅಂದುಕೊಂಡಿರೋದು ಎಷ್ಟೋ ಸಲ ಬರೀ ಕೊಳೆ.

ಒಂದು ಸುಲಭದ ಪರೀಕ್ಷೆ ಇದೆ. ಚೌಕಟ್ಟಿನ ಒಳಅಂಚು ಪಟದ ಸುತ್ತ ಕಾಲು ಇಂಚಿನಷ್ಟು ಮುಚ್ಚಿರುತ್ತೆ. ಅಲ್ಲಿ ಹೊಗೆ ಹೋಗಿರಲ್ಲ. ಬಣ್ಣ ಎಲ್ಲೂ ಚಕ್ಕೆ ಏಳದಿದ್ದರೆ ಮಾತ್ರ, ಒಗೆದ ಹತ್ತಿ ಬಟ್ಟೆ ಮೇಲೆ ಪಟ ಕವುಚಿ, ಹಿಂದಿನ ಮೊಳೆ ಬಿಡಿಸಿ, ಚೌಕಟ್ಟು ಎತ್ತಿ ನೋಡಿ. ಚಕ್ಕೆ ಎದ್ದಿದ್ದರೆ ಮುಟ್ಟಲೇಬೇಡಿ.

ಮತ್ತೆ ದಯವಿಟ್ಟು ಒರೆಸಬೇಡಿ. ಆಲೂಗಡ್ಡೆ ಹೋಳಿನಿಂದ ಉಜ್ಜೋದು, ಸೀಮೆಎಣ್ಣೆ ಹಚ್ಚೋದು, ಹೊಳಪು ಬರಲಿ ಅಂತ ಕೊಬ್ಬರಿ ಎಣ್ಣೆ ಸವರೋದು, ಇದೆಲ್ಲ ನೋಡಿ ನೋಡಿ ನನಗೆ ಬಿಪಿ ಬಂದಿದೆ. ನಾವು ಅರಳೆ ಕಡ್ಡಿಯಲ್ಲಿ ಬೆರಳುಗುರಿನಷ್ಟು ಜಾಗ ಪರೀಕ್ಷೆ ಮಾಡಿ ಮಾಡಿ ಮುಂದೆ ಹೋಗುತ್ತೇವೆ. ಎಷ್ಟೋ ಸಲ ಮೊದಲು ಬಳಸೋದು ನಮ್ಮ ಬಾಯಿಯ ಉಗುಳು! ನಗಬೇಡಿ. ಅದರಲ್ಲಿರೋ ಕಿಣ್ವ ಕೊಳೆಯನ್ನು ಮೆಲ್ಲಗೆ ಬಿಡಿಸುತ್ತೆ. ಹಾಗಂತ ನೀವು ಶುರು ಮಾಡಬೇಡಿ. ಪಟಗಳ ಸಂರಕ್ಷಣೆಗೆ ಲಕ್ನೋದಲ್ಲಿರುವ ರಾಷ್ಟ್ರೀಯ ಪ್ರಯೋಗಾಲಯದ ಶಾಖೆ ಮೈಸೂರಿನಲ್ಲೇ ಇದೆ, ಅಲ್ಲಿ ಕೇಳಿ ನೋಡಿ.

ದಾರದುಂಡೆ_ಮಂಡ್ಯ

ಎರಡು ದಿನ ಬರೆಯೋಕೆ ಆಗಲಿಲ್ಲ, ಮದುವೆ ಸೀಸನ್ನು, ಬ್ಲೌಸ್ ರಾಶಿ ಬಿದ್ದಿದೆ. ಭಾನುವಾರ ಮೈಸೂರಿಗೆ ಹೋಗಿ ಬಂದೆ. ಕೇಳಿ.

ಬಣ್ಣ ಎಲ್ಲೂ ಚಕ್ಕೆ ಎದ್ದಿರಲಿಲ್ಲ. ಊಟದ ಟೇಬಲ್ ಮೇಲೆ ಅಮ್ಮನ ಹಳೆ ಸೀರೆ ಹಾಸಿ, ತಮ್ಮ ಮೊಳೆ ಬಿಡಿಸಿದ. ನಾನು ಅಂಗಡಿಯಿಂದ ಬೂದು, ಕಂದು ಬಣ್ಣದ ದಾರದ ಉಂಡೆ ಒಂದು ಡಬ್ಬ ತೆಗೆದುಕೊಂಡು ಹೋಗಿದ್ದೆ. ನನಗೆ ಬಣ್ಣ ಹೇಳೋಕೆ ಬರೋದು ಹಾಗೆ ಮಾತ್ರ. ಚೌಕಟ್ಟು ಎತ್ತಿದ ತಕ್ಷಣ ಸುತ್ತ ಒಂದು ಗೆರೆ ಕಾಣಿಸಿತು. ಹಳೆ ಬಟ್ಟೆಯ ಮಡಿಕೆ ಬಿಚ್ಚಿದರೆ ಒಳಗಿನ ಬಣ್ಣ ಹೊಸದಾಗಿ ಕಾಣುತ್ತಲ್ಲ, ಹಾಗೆ. ಹಿನ್ನೆಲೆ ಕತ್ತಲು ಅಂದಿದ್ದೆನಲ್ಲ, ಆ ಗೆರೆಯಲ್ಲಿ ಅದು ಒಣಹುಲ್ಲಿನ ತಿಳಿ ಹಳದಿ. ಸ್ವಲ್ಪ ಹಸಿರು ಬೆರೆತಿದೆ. ಕಾಟನ್ ಸೀರೆಗೆ ಫಾಲ್ ಹಾಕೋಕೆ ನಾನು ದಿನಾ ಬಳಸೋ ದಾರ ಅದಕ್ಕೆ ಸರಿಯಾಗಿ ಕೂತಿತು. ಕುದುರೆಯ ಹಿಂಭಾಗ ಒಂದು ಕಡೆ ಚೌಕಟ್ಟಿನ ಅಡಿಗೆ ಹೋಗಿತ್ತು. ಹೊರಗೆ ಇದ್ದಿಲು, ಒಳಗೆ ಹೊಸ ಸ್ಟೀಲ್ ಲೋಟದ ಬಣ್ಣ. ಎರಡು ಉಂಡೆ ಪಕ್ಕ ಪಕ್ಕ ಇಟ್ಟು ಫೋಟೋ ತೆಗೆದಿದ್ದೇನೆ, ನೋಡಿ.

ಆಮೇಲೆ ನೆನಪಾಯಿತು. ಅಜ್ಜಿ ಮನೆಯಲ್ಲಿ ಪಟ ಇದ್ದದ್ದು ನಡುಮನೆಯಲ್ಲಿ, ಅಡುಗೆಮನೆ ಬಾಗಿಲ ಮೇಲೆ. ಕೆಳಗೆ ತಾತನ ಚಾಪೆ, ಬೀಡಿ ಕಟ್ಟು. ಅಷ್ಟು ವರ್ಷ ನಾನು ಹೆದರಿದ್ದು ಒಲೆ ಹೊಗೆಗೆ!

ಸುಳಿ ನೋಡೋಕೆ ಮೊಬೈಲ್ ಟಾರ್ಚ್ ಪಕ್ಕದಿಂದ ಹಿಡಿದೆ. ಹಣೆ ಮೇಲೆ ಬ್ರಷ್ಷಿನ ಗುರುತು ಎದ್ದು ಕಾಣಿಸಿತು. ಕಣ್ಣುಗಳ ನಡುವೆ, ಸ್ವಲ್ಪ ಮೇಲೆ, ಬಟನ್ ಗಾತ್ರದ ಎರಡು ಸುತ್ತು. ಪಕ್ಕ ಪಕ್ಕ. ಒಂದು ಬಲಕ್ಕೆ ಸುತ್ತಿದೆ, ಇನ್ನೊಂದು ಎಡಕ್ಕೆ. ಎರಡು ಸುಳಿ ಇದೆ ಕಣಮ್ಮಾ ಅಂದೆ. ಅಮ್ಮ ಹುರುಳಿಕಾಯಿ ಮುರಿಯುತ್ತಾ ಕೂತಿದ್ದಳು. ಕೈ ನಿಂತಿತು. "ಜೋಡಿ ಸುಳೀನಾ?" ಅಂದಳು. ಕನ್ನಡಕ ಹಾಕಿಕೊಂಡು ಬಂದು ನೋಡಿದಳು. ಬೆರಳಲ್ಲಿ ಮುಟ್ಟೋಕೆ ಹೋದಳು, ಬೇಡ ಅಂದೆ.

ಆಮೇಲೆ ಕಥೆ ಹೊರಗೆ ಬಂತು. ಇಷ್ಟು ವರ್ಷ ಯಾಕೆ ಹೇಳಿರಲಿಲ್ಲವೋ ಗೊತ್ತಿಲ್ಲ. ಹಣೆಯಲ್ಲಿ ಜೋಡಿ ಸುಳಿ ಇದ್ದ ಕುದುರೆ ಯಜಮಾನನಿಗೆ ಆಗಿಬರಲ್ಲ ಅಂತ ಯಾರೂ ಕೊಳ್ಳದೆ ಬಿಟ್ಟಿದ್ದರಂತೆ. ಅದಕ್ಕೇ ತಾತನಿಗೆ ಅರ್ಧ ರೇಟಿಗೆ ಸಿಕ್ಕಿತು. ಮನೆಗೆ ತಂದ ದಿನ ಅಜ್ಜಿ ಆರತಿ ತಟ್ಟೆ ಹಿಡಿದು ಬಂದವರು ಹಣೆ ನೋಡಿ ಹಾಗೇ ಒಳಗೆ ಹೋದರಂತೆ. ಆರು ತಿಂಗಳು ಕುದುರೆಗೆ ನೀರು ಕೂಡ ಇಡಲಿಲ್ಲ. ಆಮೇಲೆ ಅದೇ ಅಜ್ಜಿ ಆಯುಧಪೂಜೆಗೆ ಅದರ ಕುತ್ತಿಗೆಗೆ ಮೊಳಗಟ್ಟಲೆ ಸೇವಂತಿಗೆ ಕಟ್ಟೋರು. ಅರಮನೆಯ ಪಟ್ಟದ ಕುದುರೆಗೂ ಅಷ್ಟು ಹೂವಿಲ್ಲ ಅಂತ ತಾತ ರೇಗಿಸೋರಂತೆ. ಚಾಂದನಿ ಹದಿನಾಲ್ಕು ವರ್ಷ ಆ ಮನೆಯಲ್ಲಿ ದುಡಿದಳು.

ಕಿವಿ ವಿಷಯವನ್ನೂ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ತುಂಬಾ ಹೊತ್ತು ಪಟ ನೋಡಿ, "ಅಪ್ಪ ಹಿಂದೆ ಬೀಡಿ ಸೇದ್ತಾ ನಿಂತಿರಬೇಕು. ಅವರಿಗೆ ಸುಮ್ನೆ ನಿಲ್ಲೋಕೆ ಬರ್ತಿರಲಿಲ್ಲ, ಕುದುರೆ ಜೊತೆ ಏನಾದರೂ ಮಾತಾಡ್ತಾನೇ ಇರೋರು" ಅಂದಳು.

ಬಣ್ಣದಡಬ್ಬಿ

ಮೇಡಂ, ಆ ದಾರದ ಉಂಡೆಗಳ ಫೋಟೋ ನಮ್ಮ ಕಾಲೇಜಿನಲ್ಲಿ ಪಾಠಕ್ಕೆ ಇಡಬೇಕು.

ನನ್ನ ಮಾತಿನಲ್ಲಿ ಕತ್ತಲು ಹೋಯಿತು, ಬೆಳಕೂ ಹೋಯಿತು, ನೀಲಿಯೂ ಹೋಯಿತು. ಮಾರ್ಕ್‌ನ ಗಂಡು ನೀಲಿಯನ್ನು ಒಂದು ಹೆಣ್ಣು ಕುದುರೆಯ ಹೊಟ್ಟೆಗೆ ಹಚ್ಚಿದ್ದಕ್ಕೆ ಕ್ಷಮೆ ಇರಲಿ. ಬೂದು ಕೂದಲಿಗೆ ನೆರಳು ಬಿದ್ದರೆ ನೀಲಿ ಕಾಣುತ್ತೆ, ಅಷ್ಟೇ. ಆದರೆ ಒಂದು ಮಾತು ಮಾತ್ರ ಬಿಟ್ಟುಕೊಡಲ್ಲ. ಹಿಂದೆ ಏನೂ ಬರೆಯದೆ ಬಿಟ್ಟದ್ದು ಪೇಂಟರ್ ಬೇಕು ಅಂತಲೇ ಮಾಡಿದ್ದು. ಈಗ ಅದು ಇನ್ನೂ ಚೆನ್ನಾಗಿ ಕಾಣ್ತಿದೆ. ತಿಳಿ ಹಳದಿ ಬಯಲು, ಅದರ ಮುಂದೆ ಬೆಳ್ಳಿ ಬೂದು. ಅರಮನೆಯ ಕಲ್ಯಾಣ ಮಂಟಪದಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳಿವೆ, 1930, 40ರ ದಶಕದಲ್ಲಿ ಮೈಸೂರಿನ ಕಲಾವಿದರೇ ಬರೆದದ್ದು. ಅಲ್ಲಿ ಕುದುರೆ ಮೆರವಣಿಗೆಯ ಒಂದು ಭಾಗ. ಜನ, ಬೀದಿ, ಬಾವುಟ, ಸಮವಸ್ತ್ರದ ನಡುವೆ ಅದೂ ಒಂದು. ಅದನ್ನೆಲ್ಲ ನೋಡಿ ಬೆಳೆದ ಊರಿನ ಪೇಂಟರ್ ಒಬ್ಬರು, ಬಾಡಿಗೆ ತೀರಿಸೋಕೆ ಅಂತ ಕೂತು, ಬೀದಿ ಅಳಿಸಿ, ಗಾಡಿ ಬಿಚ್ಚಿ, ಗಾಯ ಮತ್ತು ಸುಳಿ ಉಳಿಸಿ ಈ ಕುದುರೆ ಒಂದನ್ನೇ ನಿಲ್ಲಿಸಿದ್ದಾರೆ. ಸ್ಟಬ್ಸ್ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ. ಪರದೆ ಬರೆದು ಬರೆದು ಸಾಕಾಗಿತ್ತು ಅಂತ ನನ್ನ ಗುಮಾನಿ.

ಹಳೇಲಾಯ

ಅಕ್ಕ, ಹಾಗಾದರೆ ಪಟ ಎಲ್ಲಿ ಹಾಕ್ತೀರಿ? ತಮ್ಮನ ಮನೆಗಾ?

ದಾರದುಂಡೆ_ಮಂಡ್ಯ

ತಮ್ಮನ ಹೆಂಡತಿ ಈಗ ಹಾಲ್‌ಗೇ ಹಾಕೋಣ ಅಂತಾಳೆ, ಕ್ಲೀನ್ ಆದ ಮೇಲೆ. ಆದರೆ ಅಮ್ಮ ಕೊಡಲ್ಲ ಅಂತ ಕೂತಿದ್ದಾಳೆ. "ನನ್ನ ಕುದುರೆ, ನಾನು ಇರೋ ಕಡೆ ಇರಲಿ." ಅಮ್ಮ ಮುಂದಿನ ತಿಂಗಳಿಂದ ನನ್ನ ಜೊತೆ ಮಂಡ್ಯದಲ್ಲಿ ಇರ್ತಾಳೆ, ಹಗಲೆಲ್ಲ ಅಂಗಡಿಯಲ್ಲಿ ಕೂತು ಹುಕ್ಕು ಹಾಕಿಕೊಡ್ತಾಳೆ. ಹಾಗಾಗಿ ಅಂಗಡಿಗೇ ಬರುತ್ತೆ, ಮಿಷನ್ ಎದುರಿನ ಗೋಡೆಗೆ. ಅಲ್ಲೂ ಬಾಗಿಲು ಎಡಕ್ಕೇ ಇದೆ. ಗಿರಾಕಿ ಯಾರು ಬಂದರು ಅಂತ ಅವಳೇ ನೋಡಿಕೊಳ್ಳಲಿ ಬಿಡಿ.